ಬೆಸ್ಸಿಯ ಕೇಕ್ ಮತ್ತು ಉಮ್ಮನ ಚಮಚ

ನಮ್ಮ ಮನೆಯ ಷೋಕೇಸಿನಲ್ಲಿ ಒಂದು ಗಾಜಿನ ಪಾತ್ರೆ ಇದೆ. ಉದ್ದುದ್ದವಾಗಿ, ಎರಡೂ ಬದಿಯಲ್ಲಿ ಹಿಡಿಯಿರುವ, ನೀರಿನಷ್ಟು ತಿಳಿಯಾದ ಪಾತ್ರೆ. 1994ರಲ್ಲಿ ಅಣ್ಣ ಸೌದಿಯಿಂದ ಮೊದಲ ಸಲ ರಜೆಗೆ ಬಂದಾಗ ಉಮ್ಮನಿಗೆಂದು ತಂದದ್ದು. ಎರಡು ಹೊದಿಕೆಗಳ ನಡುವೆ ಸುತ್ತಿ, ಪೆಟ್ಟಿಗೆಯ ಮಧ್ಯದಲ್ಲಿಟ್ಟು, ವಿಮಾನದಲ್ಲಿ ಮುಂಬೈಗೂ ಅಲ್ಲಿಂದ ಬಸ್ಸಿನಲ್ಲಿ ಮಂಗಳೂರಿಗೂ ತಂದಿದ್ದ. ಅದನ್ನು ಹೊರತೆಗೆದಾಗ ನೆರೆಮನೆಯ ಹೆಂಗಸರೆಲ್ಲ ನೋಡಲು ಬಂದಿದ್ದರು. ‘ಇದನ್ನು ಒಲೆಯ ಶಾಖದಲ್ಲಿಟ್ಟರೂ ಒಡೆಯುವುದಿಲ್ಲವಂತೆ’ ಎಂದು ಅಣ್ಣ ಹೇಳಿದಾಗ ಯಾರೂ ನಂಬಲಿಲ್ಲ. ಉಮ್ಮ ಅದನ್ನು ಒರೆಸಿ ಷೋಕೇಸಿನಲ್ಲಿಟ್ಟರು. ವರ್ಷಕ್ಕೆರಡು ಸಲ, ಎರಡು ಈದ್‌ಗಳಿಗೆ ಮಾತ್ರ, ಅದರಲ್ಲಿ ಚೈನಾಗ್ರಾಸ್ ಪುಡ್ಡಿಂಗ್ ಹಾಕುತ್ತಿದ್ದರು. ಬಿಸಿ ಪದಾರ್ಥ ಹಾಕಲು ಅವರಿಗೆ ಕೊನೆಯವರೆಗೂ ಧೈರ್ಯ ಬರಲಿಲ್ಲ.

ಉಮ್ಮನ ಈ ಹೆದರಿಕೆಗೆ ಕಾರಣವಿತ್ತು. ಗಾಜಿನ ಲೋಟಕ್ಕೆ ಕುದಿಯುವ ಚಹಾ ಸುರಿದರೆ ಏನಾಗುತ್ತದೆಂದು ಅವರು ಎಷ್ಟೋ ಸಲ ಕಂಡಿದ್ದರು. ಅತಿಥಿಗಳು ಬಂದಾಗ ಮಾತ್ರ ಹೊರಬರುತ್ತಿದ್ದ ಆರು ಗಾಜಿನ ಲೋಟಗಳಲ್ಲಿ ಕೊನೆಗೆ ಉಳಿದದ್ದು ಮೂರೇ. ಆದ್ದರಿಂದ ಉಮ್ಮ ಒಂದು ಉಪಾಯ ಮಾಡಿಕೊಂಡಿದ್ದರು. ಲೋಟದೊಳಗೆ ಮೊದಲು ಒಂದು ಸ್ಟೀಲ್ ಚಮಚ ಇಡುವುದು, ಆಮೇಲೆ ಆ ಚಮಚದ ಮೇಲೆಯೇ ನಿಧಾನವಾಗಿ ಚಹಾ ಸುರಿಯುವುದು. ಹಾಗೆ ಮಾಡತೊಡಗಿದ ಮೇಲೆ ಲೋಟ ಒಡೆದದ್ದು ನನಗೆ ನೆನಪಿಲ್ಲ. ಅಣ್ಣ ನಗುತ್ತಿದ್ದ. ‘ಉಮ್ಮಾ, ಚಮಚಕ್ಕೂ ಲೋಟಕ್ಕೂ ಏನು ಸಂಬಂಧ? ಇದೆಲ್ಲ ಬರೀ ನಂಬಿಕೆ’ ಎನ್ನುತ್ತಿದ್ದ. ಉಮ್ಮ ವಾದಿಸುತ್ತಿರಲಿಲ್ಲ. ‘ನನಗೇನು ಗೊತ್ತು ಮೋನೇ, ನಾನು ಶಾಲೆಗೆ ಹೋದವಳಾ?’ ಎಂದು ಹೇಳಿ ಚಮಚ ಇಡುವುದನ್ನು ಮುಂದುವರಿಸುತ್ತಿದ್ದರು.

ಉಮ್ಮ ತೀರಿಕೊಂಡ ಮೇಲೆ ಆ ಪಾತ್ರೆ ನನ್ನ ಪಾಲಿಗೆ ಬಂತು. ಒಂದು ದಿನ ತೊಳೆಯುವಾಗ ಅದನ್ನು ಮಗುಚಿ ನೋಡಿದೆ. ಅಡಿಯಲ್ಲಿ ಉಬ್ಬಿದ ಅಕ್ಷರಗಳಲ್ಲಿ ‘ಪೈರೆಕ್ಸ್’ ಎಂದೂ ಅದರ ಹತ್ತಿರ ‘ಕಾರ್ನಿಂಗ್, ಎನ್.ವೈ., ಯು.ಎಸ್.ಎ.’ ಎಂದೂ ಬರೆದಿತ್ತು. ಅಷ್ಟು ವರ್ಷ ನಮ್ಮ ಮನೆಯಲ್ಲಿದ್ದ ಪಾತ್ರೆ ಎಲ್ಲಿಂದ ಬಂತೆಂದು ನಾನು ಯೋಚಿಸಿಯೇ ಇರಲಿಲ್ಲ. ಆಮೇಲೆ ಆ ಕಂಪೆನಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದುತ್ತಾ ಹೋದಂತೆ ಆ ಕಥೆಯಲ್ಲಿ ನನಗೆ ಉಮ್ಮನಂತಹ ಒಬ್ಬ ಗೃಹಿಣಿ ಸಿಕ್ಕಿದಳು.

ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಅಮೋರಿ ಹೌಟನ್ ಎಂಬ ವ್ಯಾಪಾರಿ 1851ರಲ್ಲಿ ಒಂದು ಗಾಜಿನ ಕಾರ್ಖಾನೆಯಲ್ಲಿ ಹಣ ಹೂಡಿದ. ಕಂಪೆನಿಯವರು ತಮ್ಮ ಇತಿಹಾಸವನ್ನು ಆ ವರ್ಷದಿಂದಲೇ ಲೆಕ್ಕ ಹಾಕುತ್ತಾರೆ. 1864ರಲ್ಲಿ ಅವನು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಇನ್ನೊಂದು ಗಾಜಿನ ಕಾರ್ಖಾನೆಯನ್ನು ಕೊಂಡ. ನಾಲ್ಕು ವರ್ಷಗಳ ಬಳಿಕ, 1868ರಲ್ಲಿ, ಕುಲುಮೆಯ ಸಾಮಾನುಗಳನ್ನೆಲ್ಲ ದೋಣಿಗಳಿಗೆ ತುಂಬಿ, ಕಾಲುವೆಯ ದಾರಿಯಾಗಿ ನ್ಯೂಯಾರ್ಕ್ ರಾಜ್ಯದ ಒಳಭಾಗದ ಕಾರ್ನಿಂಗ್ ಎಂಬ ಸಣ್ಣ ಊರಿಗೆ ಸಾಗಿಸಿದರು. ಷಮಂಗ್ ನದಿಯ ದಡದಲ್ಲಿರುವ ಊರು ಅದು. ಕಂಪೆನಿಗೂ ಊರಿನ ಹೆಸರೇ ಬಂತು. ಆದರೆ ಸ್ಥಳ ಬದಲಾಯಿಸಿದ ಕೂಡಲೇ ಬರ್ಕತ್ತು ಬರಲಿಲ್ಲ. ಸ್ವಲ್ಪವೇ ವರ್ಷಗಳಲ್ಲಿ ಕಂಪೆನಿ ಸಾಲದಲ್ಲಿ ಮುಳುಗಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸಿದವನು ತಂದೆಯ ಹೆಸರನ್ನೇ ಹೊತ್ತ ಮಗ, ಕಿರಿಯ ಅಮೋರಿ ಹೌಟನ್.

ಆಗ ಅವರು ಮನೆಬಳಕೆಯ ಪಾತ್ರೆ ಮಾಡಿ ಬದುಕುತ್ತಿರಲಿಲ್ಲ. ಥರ್ಮೋಮೀಟರಿನ ಕೊಳವೆ, ಔಷಧಾಲಯಗಳ ಗಾಜು, ರೈಲ್ವೆಯ ಸಿಗ್ನಲ್ ದೀಪದ ಗಾಜು, ಇವೇ ಅವರ ಮುಖ್ಯ ಕೆಲಸ. ಥಾಮಸ್ ಎಡಿಸನ್ ವಿದ್ಯುತ್ ದೀಪ ಕಂಡುಹಿಡಿದಾಗ ಅದರ ಗಾಜಿನ ಬುರುಡೆಯನ್ನು ಊದಿಕೊಟ್ಟವರೂ ಕಾರ್ನಿಂಗಿನ ಕೆಲಸಗಾರರೇ. ಅದು 1880ರ ಸುಮಾರಿನ ಮಾತು. ಆಗ ಒಂದೊಂದು ಬುರುಡೆಯನ್ನೂ ಬಾಯಿಯಿಂದ ಊದಿಯೇ ಮಾಡಬೇಕಿತ್ತು. 1926ರಲ್ಲಿ ಅವರದೇ ಯಂತ್ರವೊಂದು ಬುರುಡೆಗಳನ್ನು ಸರಮಾಲೆಯಂತೆ ಉದುರಿಸತೊಡಗಿದ ಮೇಲೆ ಬಲ್ಬು ಬಡವರ ಮನೆಗೂ ಬಂತು.

ರೈಲ್ವೆ ದೀಪದ ಗಾಜಿಗೆ ಒಂದು ದೊಡ್ಡ ತೊಂದರೆಯಿತ್ತು. ಒಳಗೆ ಉರಿಯುವ ಜ್ವಾಲೆಯಿಂದ ಗಾಜು ಕಾಯುತ್ತದೆ. ಹೊರಗಿನಿಂದ ಮಳೆಹನಿಯೋ ಹಿಮವೋ ಬಿದ್ದರೆ ಠಪ್ಪನೆ ಸೀಳುತ್ತದೆ. ಲೋಟ ಒಡೆದರೆ ಹೋಗುವುದು ಚಹಾ ಮಾತ್ರ. ಸಿಗ್ನಲ್ ಗಾಜು ಒಡೆದರೆ ಜೀವವೇ ಹೋಗಬಹುದು. ಆ ಕಾಲದಲ್ಲಿ ಬಿಳಿ ದೀಪವೆಂದರೆ ದಾರಿ ಸುಗಮ ಎಂದರ್ಥವಿತ್ತು. ಕೆಂಪು ಗಾಜು ಒಡೆದು ಬಿದ್ದರೆ ಚಾಲಕನಿಗೆ ಒಳಗಿನ ಬಿಳಿ ಬೆಳಕು ಕಾಣುತ್ತಿತ್ತು. ನಿಲ್ಲಬೇಕಾದ ರೈಲು ಮುಂದಕ್ಕೆ ಹೋಗುತ್ತಿತ್ತು.

ಗಾಜು ಹೀಗೇಕೆ ಒಡೆಯುತ್ತದೆ? ಬಿಸಿಯಾದ ವಸ್ತು ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಲೋಹದಲ್ಲಿ ಶಾಖ ಬೇಗ ಹರಡುವುದರಿಂದ ಎಲ್ಲ ಭಾಗವೂ ಒಟ್ಟಿಗೆ ಹಿಗ್ಗುತ್ತದೆ. ಗಾಜಿನಲ್ಲಿ ಶಾಖ ಬಹಳ ನಿಧಾನವಾಗಿ ಸಾಗುತ್ತದೆ. ಲೋಟದ ಒಳಮೈ ಚಹಾದ ಬಿಸಿಗೆ ಹಿಗ್ಗಲು ಹೊರಟರೆ ಹೊರಮೈ ಇನ್ನೂ ತಣ್ಣಗೇ ಇರುತ್ತದೆ, ಹಿಗ್ಗಲು ಬಿಡುವುದಿಲ್ಲ. ಈ ಎಳೆದಾಟದಲ್ಲಿ ಲೋಟ ಸೀಳುತ್ತದೆ. ದಪ್ಪ ಲೋಟವೇ ಬೇಗ ಒಡೆಯುವುದು ಇದೇ ಕಾರಣಕ್ಕೆ. ಸಾಮಾನ್ಯ ಗಾಜನ್ನು ಮರಳು, ಸೋಡಾ ಮತ್ತು ಸುಣ್ಣಕಲ್ಲನ್ನು ಕರಗಿಸಿ ಮಾಡುತ್ತಾರೆ. ಅದಕ್ಕೆ ಬೋರಾನ್ ಸೇರಿಸಿದರೆ ಹಿಗ್ಗುವ ಗುಣ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಕ್ಕಸಾಲಿಗರು ಬಳಸುವ ಬಿಳಿಗಾರವಿದೆಯಲ್ಲ, ಬೋರಾನ್ ಇರುವುದು ಅದರಲ್ಲಿ. ಬೋರಾನ್ ಸೇರಿದ ಗಾಜನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಯೇನಾ ನಗರದಲ್ಲಿ ಆಟ್ಟೋ ಷಾಟ್ ಎಂಬ ವಿಜ್ಞಾನಿ ರೂಪಿಸಿದ್ದ.

ಕಾರ್ನಿಂಗ್ ಕಂಪೆನಿ 1908ರಲ್ಲಿ ಯುಜೀನ್ ಸಲಿವನ್ ಎಂಬ ರಸಾಯನ ವಿಜ್ಞಾನಿಯನ್ನು ಕರೆತಂದು ತನ್ನದೇ ಪ್ರಯೋಗಾಲಯ ತೆರೆಯಿತು. ಅವನೂ ಅವನ ಜೊತೆಗಾರ ವಿಲಿಯಂ ಟೇಲರನೂ ಸೇರಿ ಮಳೆಗೂ ಹಿಮಕ್ಕೂ ಒಡೆಯದ ಗಾಜೊಂದನ್ನು ತಯಾರಿಸಿದರು. ಅದರ ಹೆಸರು ನೋನೆಕ್ಸ್. ರೈಲ್ವೆಯವರಿಗೆ ತುಂಬಾ ಸಂತೋಷವಾಯಿತು. ಆದರೆ ಗಾಜು ಒಡೆಯದಿದ್ದರೆ ಮತ್ತೆ ಹೊಸದು ಕೊಳ್ಳುವವರು ಯಾರು? ಕಂಪೆನಿಗೆ ಈ ಗಾಜಿನಿಂದ ಬೇರೆ ಏನಾದರೂ ಮಾಡಬೇಕಿತ್ತು. ಬ್ಯಾಟರಿಗಳಿಗೆ ಆಮ್ಲ ತುಂಬಿಡುವ ದಪ್ಪ ಜಾಡಿಗಳನ್ನು ಮಾಡಿದರು. ಅದರಾಚೆಗೆ ಏನು ಮಾಡಬೇಕೆಂದು ಆ ದೊಡ್ಡ ಪ್ರಯೋಗಾಲಯದಲ್ಲಿ ಯಾರಿಗೂ ಹೊಳೆಯಲಿಲ್ಲ.

1913ರಲ್ಲಿ ಜೆಸ್ಸಿ ಲಿಟಲ್‌ಟನ್ ಎಂಬ ಯುವ ಭೌತವಿಜ್ಞಾನಿ ಅಲ್ಲಿ ಕೆಲಸಕ್ಕೆ ಸೇರಿದ. ಗಾಜಿನ ಪಾತ್ರೆಯಲ್ಲಿ ಅಡುಗೆ ಮಾಡಬಹುದೆಂಬ ಆಲೋಚನೆ ಅವನಿಗಿತ್ತು. ಸಹೋದ್ಯೋಗಿಗಳು ಅದನ್ನು ಕೇಳಿ ನಕ್ಕರಂತೆ. ಅವನ ಹೆಂಡತಿ ಬೆಸ್ಸಿ. ಅವಳು ಓವನ್‌ನಲ್ಲಿ ಬೇಯಿಸಲೆಂದು ಮುಚ್ಚಳವಿರುವ ಒಂದು ಮಣ್ಣಿನ ಪಾತ್ರೆ ಕೊಂಡಿದ್ದಳು. ಎರಡನೆಯ ಸಲ ಬಳಸುವಾಗಲೇ ಅದು ಬಿರುಕುಬಿಟ್ಟಿತು. ಹೊಸ ಪಾತ್ರೆ ಕಳೆದುಕೊಂಡ ಗೃಹಿಣಿಯ ಸಂಕಟ ನಮಗೆ ಗೊತ್ತಿಲ್ಲವೇ? ನೀವು ಕೆಲಸ ಮಾಡುವ ಗಾಜಿನ ಕಾರ್ಖಾನೆಯಿಂದ ಇದರ ಬದಲಿಗೆ ಏನಾದರೂ ತಂದುಕೊಡಿ ಎಂದು ಅವಳು ಗಂಡನನ್ನು ಕೇಳಿದಳು.

ಆ ಮಾತನ್ನು ಗಂಡ ತಮಾಷೆಯೆಂದು ತಳ್ಳಿಹಾಕಲಿಲ್ಲ. ಮರುದಿನ ಎರಡು ಬ್ಯಾಟರಿ ಜಾಡಿಗಳ ತಳವನ್ನು ಗರಗಸದಿಂದ ಕತ್ತರಿಸಿ ಮನೆಗೆ ತಂದ. ಬೆಸ್ಸಿ ಅದರಲ್ಲಿ ಸ್ಪಂಜ್ ಕೇಕಿನ ಹಿಟ್ಟು ಸುರಿದು ಓವನ್‌ನಲ್ಲಿಟ್ಟಳು. ಗಾಜು ಒಡೆಯಲಿಲ್ಲ. ಕೇಕ್ ಎಲ್ಲ ಕಡೆಯೂ ಒಂದೇ ಬಣ್ಣಕ್ಕೆ ಬೆಂದಿತ್ತು. ಅದನ್ನು ಗಂಡ ಪ್ರಯೋಗಾಲಯಕ್ಕೆ ಕೊಂಡೊಯ್ದು ನಕ್ಕವರಿಗೇ ತಿನ್ನಲು ಕೊಟ್ಟ.

ಈ ಘಟನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕೇಕಲ್ಲ. ಬೆಸ್ಸಿ ಕೇಕ್ ಮಾಡಿ ಸುಮ್ಮನೆ ಕೂರಲಿಲ್ಲ. ಅವಳು ಗಮನಿಸಿದಳು. ಬೇಯಲು ಎಂದಿಗಿಂತ ಕಡಿಮೆ ಹೊತ್ತು ಸಾಕಾಯಿತು. ಕೇಕ್ ತಳಕ್ಕೆ ಅಂಟಲಿಲ್ಲ. ಓವನ್‌ನಿಂದ ತೆಗೆದು ಮಗುಚಿ ನೋಡದೆಯೇ, ಬೆಂದಿತೋ ಇಲ್ಲವೋ ಎಂಬುದು ಗಾಜಿನಿಂದಲೇ ಕಾಣುತ್ತಿತ್ತು. ತೊಳೆದ ಮೇಲೆ ಹಿಂದಿನ ಅಡುಗೆಯ ವಾಸನೆ ಉಳಿಯಲಿಲ್ಲ. ಆಮೇಲೆ ಅವಳು ಅದೇ ಗಾಜಿನಲ್ಲಿ ಮಾಂಸ ಬೇಯಿಸಿದಳು, ಆಲೂಗಡ್ಡೆ ಕರಿದಳು, ಕೋಕೋ ಕಾಯಿಸಿದಳು. ಇದಕ್ಕೆ ಪರೀಕ್ಷೆ ಎನ್ನದೆ ಬೇರೇನನ್ನಬೇಕು? ಬಿಳಿ ಕೋಟು ಹಾಕಿದವರು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಅವಳು ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ಮಾಡಿದಳು.

ವಿಜ್ಞಾನಿಗಳ ಕೆಲಸ ಆಗ ಶುರುವಾಯಿತು. ನೋನೆಕ್ಸ್ ಗಾಜಿನಲ್ಲಿ ಸೀಸ ಇತ್ತು. ಅಡುಗೆಗೆ ಅದು ಹೇಳಿಸಿದ್ದಲ್ಲ. ಸಲಿವನ್ ಮತ್ತು ಟೇಲರ್ ಸೀಸವಿಲ್ಲದ ಹೊಸ ಬೋರಾನ್ ಗಾಜು ತಯಾರಿಸಿದರು. ಸಾರಾ ಟೈಸನ್ ರೋರರ್ ಎಂಬ ಪ್ರಸಿದ್ಧ ಪಾಕಶಿಕ್ಷಕಿಗೂ ಒಂದು ಮಹಿಳಾ ಪತ್ರಿಕೆಯ ಪ್ರಯೋಗಶಾಲೆಗೂ ಮಾದರಿ ಪಾತ್ರೆಗಳನ್ನು ಕೊಟ್ಟು ಅಭಿಪ್ರಾಯ ಕೇಳಿದರು. 1915ರಲ್ಲಿ ಬಾಸ್ಟನ್ ನಗರದ ದೊಡ್ಡ ಅಂಗಡಿಯೊಂದರಲ್ಲಿ ‘ಪೈರೆಕ್ಸ್’ ಪಾತ್ರೆಗಳು ಮೊದಲ ಬಾರಿಗೆ ಮಾರಾಟಕ್ಕೆ ಬಂದವು. 1919ರ ಹೊತ್ತಿಗೆ 40 ಲಕ್ಷಕ್ಕೂ ಹೆಚ್ಚು ಪಾತ್ರೆಗಳು ಮಾರಾಟವಾಗಿದ್ದವು. ಮೊದಲ ಮಹಾಯುದ್ಧದಿಂದಾಗಿ ಜರ್ಮನಿಯ ಪ್ರಯೋಗಾಲಯದ ಗಾಜು ಅಮೆರಿಕಕ್ಕೆ ಬರುವುದು ನಿಂತಾಗ ಬೀಕರ್, ಫ್ಲಾಸ್ಕುಗಳನ್ನೂ ಇದೇ ಗಾಜಿನಿಂದ ಮಾಡತೊಡಗಿದರು. 1934ರಲ್ಲಿ ಕಾರ್ನಿಂಗ್‌ನಲ್ಲಿ ಎರಕ ಹೊಯ್ದ, ಸುಮಾರು 20 ಟನ್ ತೂಕದ, 200 ಇಂಚು ಅಗಲದ ದೂರದರ್ಶಕದ ಕನ್ನಡಿಯೂ ಪೈರೆಕ್ಸ್ ಗಾಜಿನದೇ. ಅದನ್ನು ತಣಿಸಲು ಹತ್ತು ತಿಂಗಳು ಬೇಕಾಯಿತು. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲಿರುವ ಆ ಕನ್ನಡಿಯಿಂದ ವಿಜ್ಞಾನಿಗಳು ಅಲ್ಲಾಹನು ಸೃಷ್ಟಿಸಿದ ದೂರದ ನಕ್ಷತ್ರಲೋಕಗಳನ್ನು ನೋಡಿದರು.

ಪೈರೆಕ್ಸ್ ಗಾಜಿನ ಪೇಟೆಂಟ್ ಇರುವುದು ಸಲಿವನ್ ಮತ್ತು ಟೇಲರ್ ಹೆಸರಿನಲ್ಲಿ. ಅದು ಅನ್ಯಾಯವೆಂದು ನಾನು ಹೇಳಲಾರೆ. ಆ ಗಾಜನ್ನು ಕಂಡುಹಿಡಿದವರು ಅವರೇ. ಆದರೆ ಅದನ್ನು ಯಾತಕ್ಕೆ ಬಳಸಬೇಕೆಂದು ತೋರಿಸಿಕೊಟ್ಟವಳು ಒಬ್ಬಳು ಹೆಂಡತಿ. ಅದೊಂದನ್ನು ಬರೆದಿಡಲು ಪೇಟೆಂಟ್ ಪತ್ರದಲ್ಲಿ ಜಾಗವಿರುವುದಿಲ್ಲ.

ಕಂಪೆನಿ ಈ ಪಾಠವನ್ನು ಒಮ್ಮೆ ಕಲಿತು ಸ್ವಲ್ಪ ಕಾಲದಲ್ಲೇ ಮರೆತಿತು. 1920ರ ದಶಕದ ಕೊನೆಗೆ ಪಾತ್ರೆಗಳ ಮಾರಾಟ ಇಳಿಯಿತು. 1929ರಲ್ಲಿ ಕಂಪೆನಿ ಲೂಸಿ ಮಾಲ್ಟ್‌ಬಿ ಎಂಬ ಗೃಹವಿಜ್ಞಾನದ ಅಧ್ಯಾಪಕಿಯನ್ನು ಕೆಲಸಕ್ಕೆ ತೆಗೆದುಕೊಂಡಿತು. ಆಕೆ ಪಾತ್ರೆಗಳ ತಪ್ಪುಗಳನ್ನು ಎತ್ತಿ ತೋರಿಸಿದರು. ಎರಡು ದುಂಡನೆಯ ಕೇಕ್ ತಟ್ಟೆಗಳು ಮನೆಯ ಓವನ್‌ನಲ್ಲಿ ಒಟ್ಟಿಗೆ ಹಿಡಿಸುತ್ತಿರಲಿಲ್ಲ. ಕೆಲವಕ್ಕೆ ಸರಿಯಾದ ಹಿಡಿಯಿರಲಿಲ್ಲ. ಕಾರ್ಖಾನೆಯ ಗಂಡಸರು ಗಾಜನ್ನು ಅಳೆದಿದ್ದರು, ಓವನ್ ಅಳೆದಿರಲಿಲ್ಲ. ಬಿಸಿ ಪಾತ್ರೆಯನ್ನು ಬಟ್ಟೆ ಹಿಡಿದು ಹೊರತೆಗೆಯುವಾಗ ಬೆರಳು ಎಲ್ಲಿ ಕೂರಬೇಕೆಂದು ಅವರಿಗೆ ಹೇಗೆ ತಿಳಿಯಬೇಕು? ಮಾಲ್ಟ್‌ಬಿ ಕಂಪೆನಿಯೊಳಗೆ ಒಂದು ಪರೀಕ್ಷಾ ಅಡುಗೆಮನೆಯನ್ನೇ ಕಟ್ಟಿದರು. ಹೊಸ ಪಾತ್ರೆ ಅಂಗಡಿಗೆ ಹೋಗುವ ಮೊದಲು ಅಲ್ಲಿ ಅಡುಗೆ ಮಾಡಿ ನೋಡುತ್ತಿದ್ದರು. ಗೃಹಿಣಿಯರು ಬರೆದ ಪತ್ರಗಳನ್ನು ಓದಿ, ಅವರ ದೂರುಗಳನ್ನು ವಿನ್ಯಾಸಕಾರರಿಗೆ ತಲುಪಿಸುತ್ತಿದ್ದರು. ನನ್ನ ಉಮ್ಮನ ಪಾತ್ರೆಗೆ ಎರಡು ಬದಿಯಲ್ಲಿ ಹಿಡಿ ಕಂಡಾಗಲೆಲ್ಲ ಈಗ ನನಗೆ ಆ ಅಧ್ಯಾಪಕಿಯ ನೆನಪಾಗುತ್ತದೆ.

ಆಮೇಲಿನ ಕಥೆ ದೊಡ್ಡದು. 1950ರ ದಶಕದ ಆರಂಭದಲ್ಲಿ ಡೊನಾಲ್ಡ್ ಸ್ಟೂಕಿ ಎಂಬ ವಿಜ್ಞಾನಿ ಗಾಜಿನ ತುಂಡೊಂದನ್ನು ಕುಲುಮೆಯಲ್ಲಿಟ್ಟಿದ್ದಾಗ, 600 ಡಿಗ್ರಿಯಲ್ಲಿ ನಿಲ್ಲಬೇಕಾದ ಶಾಖ ಕೆಟ್ಟುಹೋಗಿ 900 ಡಿಗ್ರಿಗೆ ಏರಿತು. ಗಾಜು ಕರಗಿ ಹೋಗಿರಬೇಕೆಂದು ತೆಗೆದು ನೋಡಿದರೆ ಹಾಲಿನಂತೆ ಬೆಳ್ಳಗಾಗಿತ್ತು. ಕೈಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಆ ಎಡವಟ್ಟಿನಿಂದ 1958ರಲ್ಲಿ ‘ಕಾರ್ನಿಂಗ್‌ವೇರ್’ ಪಾತ್ರೆಗಳು ಬಂದವು. 1970ರಲ್ಲಿ ‘ಕೊರೆಲ್’ ತಟ್ಟೆಗಳು ಬಂದವು. ಗಲ್ಫಿನಿಂದ ಬಂದವರ ಪೆಟ್ಟಿಗೆಗಳಲ್ಲಿ ಈ ತಟ್ಟೆಗಳನ್ನು ನಮ್ಮ ಕರಾವಳಿಯ ಎಷ್ಟೋ ಮನೆಗಳು ಕಂಡಿವೆ. ಅದೇ 1970ರಲ್ಲಿ ಇದೇ ಕಂಪೆನಿಯ ಮೂವರು ವಿಜ್ಞಾನಿಗಳು ದೂರವಾಣಿ ಸಂದೇಶವನ್ನು ಬೆಳಕಿನ ರೂಪದಲ್ಲಿ ಸಾಗಿಸಬಲ್ಲ ಗಾಜಿನ ಎಳೆಯನ್ನು ತಯಾರಿಸಿದರು. ಇಂದು ಗಲ್ಫಿನಲ್ಲಿರುವ ಮಗನ ಮುಖವನ್ನು ತಾಯಿ ಮೊಬೈಲಿನಲ್ಲಿ ನೋಡುವಾಗ ಆ ಚಿತ್ರ ಬರುವುದು ಸಮುದ್ರದಡಿಯ ಅಂತಹ ಗಾಜಿನ ಎಳೆಗಳ ಮೂಲಕವೇ.

ನಮ್ಮ ದೇಶಕ್ಕೂ ಈ ಕಂಪೆನಿಗೂ ನಂಟಿದೆ. ನಮ್ಮ ಅಡುಗೆಮನೆಗಳಿಗೆ ಪರಿಚಯವಿರುವ ಬೋರೋಸಿಲ್ 1962ರಲ್ಲಿ ಸ್ಥಾಪನೆಯಾಯಿತು. ಅದು ಬೆಳೆದದ್ದು ಕಾರ್ನಿಂಗಿನ ಸಹಯೋಗದಲ್ಲಿ. 1988ರಲ್ಲಿ ಕಾರ್ನಿಂಗ್ ತನ್ನ ಪಾಲನ್ನು ಬಿಟ್ಟುಕೊಟ್ಟಿತು.

ಇನ್ನೊಂದು ವಿಷಯ ಓದಿ ನನಗೆ ಬಹಳ ಸಂತೋಷವಾಯಿತು. ಕಂಪೆನಿ ತನ್ನ ನೂರು ವರ್ಷದ ನೆನಪಿಗಾಗಿ 1951ರಲ್ಲಿ ಕಾರ್ನಿಂಗ್ ಊರಿನಲ್ಲಿ ಗಾಜಿನ ವಸ್ತುಸಂಗ್ರಹಾಲಯವೊಂದನ್ನು ತೆರೆಯಿತು. ಇಸ್ಲಾಮೀ ನಾಡುಗಳ ಗಾಜಿನ ಕಲೆಗೆ ಅಲ್ಲಿ ದೊಡ್ಡ ಸ್ಥಾನವಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಮುಸ್ಲಿಮ್ ಕುಶಲಕರ್ಮಿಗಳು ಹಸಿರು ಪದರದ ಗಾಜನ್ನು ಕೊರೆದು, ಪ್ರಾಣಿ ಪಕ್ಷಿಗಳ ಚಿತ್ತಾರ ಬಿಡಿಸಿದ ಒಂದು ಹೂಜಿ ಅಲ್ಲಿದೆ. ಅದಕ್ಕೆ ‘ಕಾರ್ನಿಂಗ್ ಹೂಜಿ’ ಎಂದೇ ಹೆಸರು. 2001ರಲ್ಲಿ ಅಲ್ಲಿ ಇಸ್ಲಾಮೀ ಗಾಜಿನ ವಿಶೇಷ ಪ್ರದರ್ಶನವೂ ನಡೆಯಿತು. ದೀಪವನ್ನು ಆವರಿಸಿದ ಗಾಜು ನಕ್ಷತ್ರದಂತೆ ಹೊಳೆಯುವ ಉಪಮೆ ಕುರ್‌ಆನಿನ ಅನ್ನೂರ್ ಅಧ್ಯಾಯದಲ್ಲಿದೆ. ಸಿರಿಯಾ, ಈಜಿಪ್ಟಿನ ಕುಶಲಕರ್ಮಿಗಳು ಮಸೀದಿಯ ಗಾಜಿನ ದೀಪಗಳ ಮೇಲೆ ಆ ವಚನವನ್ನೇ ಬಣ್ಣದಲ್ಲಿ ಬರೆಯುತ್ತಿದ್ದರು.

1972ರ ಜೂನ್‌ನಲ್ಲಿ ಆಗ್ನೆಸ್ ಚಂಡಮಾರುತದ ಮಳೆಗೆ ಷಮಂಗ್ ನದಿ ಉಕ್ಕಿ ಊರನ್ನೇ ಮುಳುಗಿಸಿತು. ವಸ್ತುಸಂಗ್ರಹಾಲಯದೊಳಗೆ ಐದು ಅಡಿಗೂ ಮೀರಿ ನೀರು ನಿಂತಿತು. ಸುಮಾರು 13,000 ವಸ್ತುಗಳಲ್ಲಿ 528 ವಸ್ತುಗಳಿಗೆ ಹಾನಿಯಾಯಿತು. ಕಂಪೆನಿ ಊರು ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಕೆಸರು ತೊಳೆದು ಅಲ್ಲಿಯೇ ಮತ್ತೆ ಕಟ್ಟಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ವಸ್ತುಸಂಗ್ರಹಾಲಯದ ಬಾಗಿಲು ತೆರೆಯಿತು.

ಆದರೆ ವ್ಯಾಪಾರದ ಲೆಕ್ಕ ಬೇರೆ. 1998ರಲ್ಲಿ ಕಾರ್ನಿಂಗ್ ಕಂಪೆನಿ ಪೈರೆಕ್ಸ್ ಸೇರಿದಂತೆ ತನ್ನ ಅಡುಗೆ ಪಾತ್ರೆಗಳ ವಿಭಾಗವನ್ನೇ ಮಾರಿಬಿಟ್ಟಿತು. ಈಗ ಅದು ಫೋನಿನ ಗಾಜು, ಟಿ.ವಿ. ಪರದೆಯ ಗಾಜು, ಗಾಜಿನ ಎಳೆ ಇತ್ಯಾದಿಗಳನ್ನು ಮಾಡುತ್ತದೆ. ಪಾತ್ರೆಗಳ ಹೆಸರು ಕೈಯಿಂದ ಕೈಗೆ ಹೋಯಿತು. ಕೊನೆಗೆ ಅವುಗಳ ಒಡೆತನ ಹೊಂದಿದ್ದ ಕಂಪೆನಿ 2023ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಪೆನ್ಸಿಲ್ವೇನಿಯಾದ ಷಾರ್ಲರಾಯ್ ಎಂಬ ಊರಿನಲ್ಲಿ ತಲೆಮಾರುಗಳಿಂದ ಪೈರೆಕ್ಸ್ ತಯಾರಿಸುತ್ತಿದ್ದ ಕಾರ್ಖಾನೆಯನ್ನು ಮುಚ್ಚುವುದಾಗಿ 2024ರಲ್ಲಿ ಪ್ರಕಟಿಸಿದರು. 300ಕ್ಕೂ ಹೆಚ್ಚು ಮಂದಿಯ ಕೆಲಸ ಅದನ್ನು ಅವಲಂಬಿಸಿತ್ತು.

ಸಹೋದರಿಯರು ತಿಳಿದಿರಬೇಕಾದ ಒಂದು ಮಾತು ಇಲ್ಲಿದೆ. ಅಮೆರಿಕದಲ್ಲಿ ಈಗ ತಯಾರಾಗುವ ಪೈರೆಕ್ಸ್ ಅಡುಗೆ ಪಾತ್ರೆ ಬೆಸ್ಸಿಯ ಕಾಲದ ಬೋರಾನ್ ಗಾಜಿನದಲ್ಲ. ಸಾಮಾನ್ಯ ಸೋಡಾ-ಸುಣ್ಣದ ಗಾಜನ್ನು ಕಾಯಿಸಿ, ಬೇಗನೆ ತಣಿಸಿ, ಗಟ್ಟಿ ಮಾಡಿದ್ದು. ಈ ಬದಲಾವಣೆ 1998ಕ್ಕಿಂತ ಮೊದಲೇ ಶುರುವಾಗಿತ್ತು. ಕೈಜಾರಿ ಬಿದ್ದಾಗ ಅದು ಸುಲಭವಾಗಿ ಒಡೆಯುವುದಿಲ್ಲ. ಆದರೆ ಶಾಖದ ಏರಿಳಿತವನ್ನು ಬೋರಾನ್ ಗಾಜಿನಷ್ಟು ತಾಳುವುದಿಲ್ಲ. ನಮ್ಮ ಮನೆಯ ಗಾಜಿನ ಪಾತ್ರೆ ಯಾವ ಹೆಸರಿನದೇ ಇರಲಿ, ಫ್ರಿಜ್ಜಿನಿಂದ ತೆಗೆದು ನೇರವಾಗಿ ಬಿಸಿ ಓವನ್‌ಗೆ ಇಡಬಾರದು. ಗ್ಯಾಸ್ ಒಲೆಯ ಉರಿಯ ಮೇಲೆ ಇಡಬಾರದು. ಬಿಸಿ ಪಾತ್ರೆಯನ್ನು ಒದ್ದೆ ಕಲ್ಲಿನ ಮೇಲೆ ಅಥವಾ ಸಿಂಕಿನಲ್ಲಿ ಇಡದೆ ಒಣ ಬಟ್ಟೆಯ ಮೇಲೆ ಇಡಬೇಕು. ಬಿರುಕು ಅಥವಾ ಆಳವಾದ ಗೀರು ಕಂಡ ಪಾತ್ರೆಯನ್ನು ಓವನ್‌ಗೆ ಬಳಸಲೇಬಾರದು.

ಇನ್ನು ಉಮ್ಮನ ಚಮಚದ ವಿಷಯ. ನಾನು ಪಿಯುಸಿಯಲ್ಲಿದ್ದಾಗ ಭೌತಶಾಸ್ತ್ರದ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ಗಾಜಿನ ಲೋಟಕ್ಕೆ ಬಿಸಿ ನೀರು ಸುರಿಯುವ ಮೊದಲು ಲೋಹದ ಚಮಚ ಇಡುವುದೇಕೆ? ಲೋಹವು ಶಾಖವನ್ನು ಬೇಗನೆ ಹೀರಿಕೊಳ್ಳುವುದರಿಂದ ಗಾಜಿಗೆ ತಟ್ಟುವ ಬಿಸಿ ಕಡಿಮೆಯಾಗುತ್ತದೆ ಎಂದು ಬರೆದೆ. ಪೂರ್ತಿ ಅಂಕ ಸಿಕ್ಕಿತು. ಮನೆಗೆ ಬಂದಾಗ ಉಮ್ಮ ಅಡುಗೆಮನೆಯಲ್ಲಿ ಮಸಾಲೆ ಅರೆಯುತ್ತಿದ್ದರು. ಪರೀಕ್ಷೆ ಹೇಗಾಯಿತೆಂದು ಕೇಳಿದರು. ಚೆನ್ನಾಗಿ ಆಯಿತು ಎಂದೆ. ‘ಉಮ್ಮಾ, ನೀವು ಹೇಳಿದ್ದು ಸರಿ. ನೀವು ಮಾಡುವುದು ನಮ್ಮ ಪುಸ್ತಕದಲ್ಲಿದೆ’ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ನಾನೂ ಉಮ್ಮನಿಗೆ ಏನೂ ಗೊತ್ತಿಲ್ಲ ಎಂದುಕೊಂಡವರಲ್ಲಿ ಒಬ್ಬಳಾಗಿದ್ದೆ. ಅವರು ತೀರಿಕೊಳ್ಳುವವರೆಗೂ ‘ನನಗೇನು ಗೊತ್ತು’ ಎನ್ನುತ್ತಲೇ ಇದ್ದರು.

ಒಂದು ಪ್ರಯಾಣದಲ್ಲಿ ಅಂಜಶಾ ಎಂಬವರು ಒಂಟೆಗಳನ್ನು ವೇಗವಾಗಿ ಓಡಿಸುತ್ತಿದ್ದಾಗ, ಅವುಗಳ ಮೇಲಿದ್ದ ಮಹಿಳೆಯರನ್ನು ಪ್ರವಾದಿ(ಸ) ಗಾಜಿನ ಪಾತ್ರೆಗಳಿಗೆ ಹೋಲಿಸಿ, ನಿಧಾನವಾಗಿ ಸಾಗಲು ಹೇಳಿದ್ದರೆಂದು ಹದೀಸಿನಲ್ಲಿದೆ. ಹೆಣ್ಣು ದುರ್ಬಲಳು ಎನ್ನಲು ಕೆಲವರು ಈ ಮಾತನ್ನು ಬಳಸುತ್ತಾರೆ. ನನಗೆ ಅದರಲ್ಲಿ ಕಾಣುವುದು ಕಾಳಜಿ. ಗಾಜು ಬೆಲೆಬಾಳುವ ವಸ್ತು, ಅದನ್ನು ಜೋಪಾನ ಮಾಡಬೇಕು. ಅದೇ ಪ್ರವಾದಿ(ಸ) ಹುದೈಬಿಯಾದಲ್ಲಿ ಏನು ಮಾಡಿದರೆಂಬುದನ್ನೂ ನಾವು ಓದಿದ್ದೇವೆ. ಒಪ್ಪಂದದಿಂದ ನೊಂದಿದ್ದ ಸಹಾಬಿಗಳು ಬಲಿ ನೀಡಿ ತಲೆ ಬೋಳಿಸಿಕೊಳ್ಳಲು ಮೇಲೇಳದಿದ್ದಾಗ, ಅವರು ಡೇರೆಯೊಳಗೆ ಬಂದು ಪತ್ನಿ ಉಮ್ಮು ಸಲಮಾ(ರ)ರಲ್ಲಿ ವಿಷಯ ಹೇಳಿಕೊಂಡರು. ಯಾರೊಡನೆಯೂ ಮಾತನಾಡದೆ ಮೊದಲು ನೀವೇ ಬಲಿ ನೀಡಿ, ತಲೆ ಬೋಳಿಸಿಕೊಳ್ಳಿ ಎಂದು ಆ ಮಹಾತಾಯಿ ಸಲಹೆ ಕೊಟ್ಟರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ಅದನ್ನು ನೋಡಿ ಎಲ್ಲರೂ ಎದ್ದರು. ಪತ್ನಿಯ ಮಾತನ್ನು ಕೇಳುವುದು ಕಾರ್ನಿಂಗಿನ ವಿಜ್ಞಾನಿಯಿಂದ ನಾವು ಹೊಸದಾಗಿ ಕಲಿಯಬೇಕಾದ ಪಾಠವೇನಲ್ಲ. ಅದು ನಮ್ಮ ಮನೆಯ ಪಾಠವೇ. ನಾವು ಮರೆತಿದ್ದೇವೆ, ಅಷ್ಟೇ.

ಕಳೆದ ಈದ್‌ಗೆ ನಾನು ಉಮ್ಮನ ಪಾತ್ರೆಯನ್ನು ಷೋಕೇಸಿನಿಂದ ಕೆಳಗಿಳಿಸಿದೆ. ಅದರಲ್ಲಿ ಗೀರು, ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದೆ. ಇರಲಿಲ್ಲ. ಕೇಕಿನ ಹಿಟ್ಟು ಸುರಿದು, ಬಿಸ್ಮಿಲ್ಲಾ ಹೇಳಿ ಓವನ್‌ನಲ್ಲಿಟ್ಟೆ. ಮಗಳು ಪಕ್ಕದಲ್ಲಿ ಕುಳಿತು ಗಾಜಿನ ಮೂಲಕ ಹಿಟ್ಟು ಉಬ್ಬುವುದನ್ನು ನೋಡುತ್ತಿದ್ದಳು. ಕೇಕ್ ಒಂದೇ ಬಣ್ಣಕ್ಕೆ ಬೆಂದಿತು. ತಳಕ್ಕೆ ಅಂಟಲಿಲ್ಲ.

ಆಮೇಲೆ ಎಲ್ಲರಿಗೂ ಚಹಾ ಮಾಡಿದೆ. ಗಾಜಿನ ಲೋಟಗಳನ್ನು ಸಾಲಾಗಿಟ್ಟು ಒಂದೊಂದರಲ್ಲೂ ಚಮಚ ಇಟ್ಟೆ. ‘ಇದು ಯಾಕಮ್ಮಾ?’ ಎಂದು ಮಗಳು ಕೇಳಿದಳು. ಅಣ್ಣನೂ ಅಲ್ಲೇ ಕುಳಿತಿದ್ದ, ಈಗ ಅವನ ತಲೆ ನೆರೆತಿದೆ. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: ‘ಅದು ನಿನ್ನ ಉಮ್ಮಮ್ಮ ಕಂಡುಹಿಡಿದದ್ದು. ನನಗೆ ಆಗ ಗೊತ್ತಾಗಲಿಲ್ಲ.’